ಮುದ್ರಾರಾಕ್ಷಸ ತತ್ತ್ವ ನಿರ್ಣಯ

ಮುದ್ರಾರಾಕ್ಷಸನೆಂಬುವನು ಇದ್ದಾನೆಯೇ? ಇಲ್ಲವೆಂಬುದು ಪೂರ್ವಪಕ್ಷ. ಅಚ್ಚಿನ ತಪ್ಪಿಗೆ ಡಿಟಿಪಿ ಹುಡುಗನ ನಿದ್ದೆ, ಲೇಖಕನ ಕೋಳಿಕಾಲಿನ ಅಕ್ಷರ, ಸಂಪಾದಕನ ಮಧ್ಯಾಹ್ನದ ಊಟ ಇಷ್ಟೇ ಸಾಕು. ಮೇಲೊಬ್ಬ ರಾಕ್ಷಸನನ್ನು ತಂದು ಕೂರಿಸುವುದು ಕಲ್ಪನಾಗೌರವವೆಂಬ ದೋಷ ಎನ್ನುತ್ತಾರೆ ಈ ವಾದಿಗಳು.

ಇದಕ್ಕೆ ಸಮಾಧಾನ. ತಪ್ಪು ಆಕಸ್ಮಿಕವೇ ಆಗಿದ್ದರೆ ಎಲ್ಲೆಂದರಲ್ಲಿ ಬೀಳಬೇಕಿತ್ತು. 'ಶಾಸಕರು' ಹೋಗಿ 'ಶೋಷಕರು' ಆಗುವುದಕ್ಕೆ, 'ವಿವಾಹ ಮಹೋತ್ಸವ' ಹೋಗಿ 'ವಿವಾದ ಮಹೋತ್ಸವ' ಆಗುವುದಕ್ಕೆ ಗುರಿ ಬೇಕು, ಲೋಕಾನುಭವ ಬೇಕು. ಜಡವಸ್ತುವಿಗೆ ಅಷ್ಟು ರಸಿಕತೆ ಎಲ್ಲಿಂದ ಬರಬೇಕು? ಆದ್ದರಿಂದ ರಾಕ್ಷಸ ಸಿದ್ಧ. ವಿಶಾಖದತ್ತನ ನಾಟಕದ ರಾಕ್ಷಸನಿಗೂ ಇವನಿಗೂ ಗೋತ್ರಸಂಬಂಧವಿಲ್ಲ. ಅವನು ನಂದರ ಅಮಾತ್ಯ. ಕೊನೆಗೆ ಚಾಣಕ್ಯನ ಕೈಗೆ ಸಿಕ್ಕ. ಇವನನ್ನು ಹಿಡಿದ ಚಾಣಕ್ಯ ಇನ್ನೂ ಹುಟ್ಟಿಲ್ಲ.

ಐತಿಹ್ಯಪ್ರಮಾಣವೂ ಉಂಟು. 1631ರಲ್ಲಿ ಲಂಡನ್ನಿನ ರಾಜಮುದ್ರಕರಾದ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲೂಕಸ್ ಅಚ್ಚು ಹಾಕಿದ ಬೈಬಲ್ಲಿನಲ್ಲಿ, ವ್ಯಭಿಚಾರ ಕೂಡದೆಂಬ ಕಟ್ಟಳೆಯ ನಕಾರವೊಂದನ್ನು ಇವನು ನುಂಗಿದ. ನಿಷೇಧ ವಿಧಿಯಾಯಿತು. ಮುದ್ರಕರಿಗೆ 300 ಪೌಂಡು ದಂಡ ಬಿತ್ತು, ಪ್ರತಿಗಳನ್ನು ಹುಡುಕಿ ನಾಶ ಮಾಡಿಸಿದರು. ಅಷ್ಟರೊಳಗೆ ಆಜ್ಞೆಯನ್ನು ಶಿರಸಾವಹಿಸಿದವರೆಷ್ಟು ಮಂದಿ ಎಂಬ ಬಗ್ಗೆ ಪಂಡಿತರು ಮೌನ ವಹಿಸಿದ್ದಾರೆ. 1962ರ ಜುಲೈ 22ರಂದು ಶುಕ್ರಗ್ರಹಕ್ಕೆ ಹೊರಟ ಅಮೆರಿಕದ ಮ್ಯಾರಿನರ್-1 ದಾರಿ ತಪ್ಪಿ, ಐದು ನಿಮಿಷ ತುಂಬುವ ಮೊದಲೇ ಅದನ್ನು ಸ್ಫೋಟಿಸಬೇಕಾಯಿತು. ಕಾರಣಗಳಲ್ಲೊಂದು, ಸೂತ್ರ ನಕಲು ಮಾಡುವಾಗ ಒಂದು ಚಿಹ್ನೆಯ ನೆತ್ತಿಯ ಮೇಲಿನ ಗೆರೆ ಬಿಟ್ಟುಹೋದದ್ದು. ನಮ್ಮ ಶಾಲೆಯ ಮೇಷ್ಟರು 'ತಲಕಟ್ಟು ಎಲ್ಲೋ?' ಎಂದು ಕಿವಿ ಹಿಂಡುತ್ತಿದ್ದುದರ ವೈಜ್ಞಾನಿಕ ಮಹತ್ವ ಇದರಿಂದ ಸ್ಥಾಪಿತವಾಯಿತು.

ಕನ್ನಡದಲ್ಲಿ ಇವನ ಸಂಸಾರ ದೊಡ್ಡದು. ಸೀಸದ ಮೊಳೆಗಳ ಕಾಲದಲ್ಲಿ ಗ್ಯಾಲಿ ಪ್ರೂಫಿನಲ್ಲಿ ತಪ್ಪು ಕಂಡು, ಕಂಪೋಸಿಟರ್ ಆ ಮೊಳೆ ಕಿತ್ತು ಹೊಸದು ಕೂರಿಸುವಷ್ಟರಲ್ಲಿ ಪಕ್ಕದ ಮೊಳೆ ಶೀರ್ಷಾಸನ ಹಾಕಿರುತ್ತಿತ್ತು. ತಿದ್ದಿದ ಸಾಲನ್ನೇ ಮತ್ತೆ ಓದಬೇಕೆಂಬ ನಿಯಮ ಬಂದದ್ದು ಹೀಗೆ. ಮೊಳೆ ಹೋಗಿ ಕಂಪ್ಯೂಟರ್ ಬಂದಾಗ ರಾಕ್ಷಸ ನಿರ್ವಂಶನಾದನೆಂದು ನಂಬಿದವರಿದ್ದರು. ನುಡಿ ತಂತ್ರಾಂಶದಲ್ಲಿ ಟೈಪಾದದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವೊತ್ತು ಜಾರಿ 'ಕಾರ್ಯಕ್ರಮ' 'ಕಾಯಕ್ರಮ' ಆದದ್ದನ್ನು ಅವರು ನೋಡಿಲ್ಲ. ಕಾಗುಣಿತ ಪರೀಕ್ಷಕ ತಂತ್ರಾಂಶವೂ ಇಲ್ಲಿ ನಿರುಪಯೋಗಿ: ವಿವಾದ, ಶೋಷಕ ಎರಡೂ ನಿಘಂಟಿನಲ್ಲಿರುವ ಮರ್ಯಾದಸ್ಥ ಶಬ್ದಗಳು.

ಇವನ ವಾಸಸ್ಥಾನದ ಬಗ್ಗೆ ಸಾಮಾನ್ಯರಲ್ಲಿ ತಪ್ಪು ತಿಳಿವಳಿಕೆಯಿದೆ. ಚಿಕ್ಕ ಅಕ್ಷರಗಳ ಸಂದಿಯಲ್ಲಿ ಅಡಗುತ್ತಾನೆಂದು ಭಾವಿಸಿ ಭೂತಗನ್ನಡಿ ಹಿಡಿಯುತ್ತಾರೆ. ಅವನಿರುವುದು ಮುಖಪುಟದಲ್ಲಿ, ಫ್ಲೆಕ್ಸಿನಲ್ಲಿ, ಎರಡಡಿ ಎತ್ತರದ 'ಹಾರ್ದಿಕ ಸ್ವಾಗತ'ದಲ್ಲಿ. ಅಷ್ಟು ದೊಡ್ಡದನ್ನು ಇನ್ನೊಬ್ಬರು ಓದಿರುತ್ತಾರೆಂದು ಪ್ರತಿಯೊಬ್ಬರೂ ನಂಬಿರುತ್ತಾರಲ್ಲ, ಆ ನಂಬಿಕೆಯೇ ಅವನ ಆಹಾರ.

ಇನ್ನು ಅಧಿಕಾರಿ ನಿರ್ಣಯ. ಕರಡು ತಿದ್ದಲು ಅನರ್ಹರಲ್ಲಿ ಅಗ್ರಗಣ್ಯನು ಲೇಖಕ. ಅವನು ಹಾಳೆಯನ್ನು ಓದುವುದಿಲ್ಲ; ತನ್ನ ತಲೆಯಲ್ಲಿರುವುದನ್ನು ಓದಿ, ಬಲು ಚೆನ್ನಾಗಿದೆ ಎಂದು ತಲೆದೂಗುತ್ತಾನೆ. ಅವನ ಹೆಂಡತಿ ಮಧ್ಯಮಾಧಿಕಾರಿ. ಗ್ರಂಥದಲ್ಲಿ ಕಿಂಚಿತ್ತೂ ಆಸಕ್ತಿಯಿಲ್ಲದ, ಗ್ರಂಥಕರ್ತನ ಮೇಲೆ ಕೊಂಚ ಅಸಮಾಧಾನವಿರುವ ವ್ಯಕ್ತಿಯೇ ಉತ್ತಮಾಧಿಕಾರಿ. ಲಗ್ನಪತ್ರಿಕೆಯ ಮಟ್ಟಿಗೆ ಈ ಲಕ್ಷಣ ಸಂಪೂರ್ಣವಾಗಿ ಅನ್ವಯಿಸುವುದು ಮುನಿಸಿಕೊಂಡ ಸೋದರಮಾವನಿಗೆ. ತನ್ನ ಹೆಸರಿನ ಮುಂದೆ 'ಶ್ರೀ' ಬಿಟ್ಟುಹೋಗಿದೆಯೆಂದು ಅವನಿಗೆ ಲಕೋಟೆ ಒಡೆಯುವ ಮುಂಚೆಯೇ ಗೊತ್ತಿರುತ್ತದೆ.

ಆದ್ದರಿಂದ ಮದುವೆಯ ಮನೆಯವರಲ್ಲಿ ವಿನಂತಿ: ಪತ್ರಿಕೆಯ ಕರಡನ್ನು ಆ ಸೋದರಮಾವನವರ ಕೈಯಲ್ಲಿಟ್ಟು, ವಧೂವರರ ಹೆಸರು, ತಾರೀಖು, ವಾರ, ಛತ್ರದ ವಿಳಾಸವನ್ನು ಗಟ್ಟಿಯಾಗಿ ಓದಿಸಿ. ಅಚ್ಚಾದ ಮೇಲೆ ಹೇಗೂ ತಪ್ಪು ಹುಡುಕುವವರು ಅವರೇ. ಎರಡು ದಿನ ಮೊದಲು ಕರೆದರೆ ಮರುಮುದ್ರಣದ ಖರ್ಚು ಉಳಿಯುತ್ತದೆ.