ಗೃಹಕೃತ್ಯ ಸಂಧಿಪ್ರಕರಣ

ಸೂತ್ರ: "ಏನ್ಮಾಡ್ಕೊಂಡಿದೀರಿ?" ಎಂಬುದು ಪೂರ್ವದಲ್ಲಿ ಬಂದಾಗ ಹೆಂಗಸು "ಏನಿಲ್ಲ, ಮನೇಲೇ ಇದೀನಿ" ಎನ್ನತಕ್ಕದ್ದು.

ವೃತ್ತಿ: 'ಏನಿಲ್ಲ' ಎಂಬುದು ಅವ್ಯಯ, ಅದಕ್ಕೆ ಲಿಂಗವಿಲ್ಲ ಎಂದು ಕೆಲವರು. ನಾವು ಒಪ್ಪೆವು. ಇದೇ ಮಾತನ್ನು ಗಂಡಸು ಆಡಿದರೆ ಕೇಳಿದವರು "ಯಾಕೆ, ಹುಷಾರಿಲ್ವಾ?" ಎನ್ನುತ್ತಾರೆ. ಆದ್ದರಿಂದ ಇದು ನಿತ್ಯ ಸ್ತ್ರೀಲಿಂಗ.

ಹೆಣ್ಣಿಗೂ ಕೆಲಸಕ್ಕೂ ಆಗುವ ಸಂಧಿ, ಶಾಲೆಯಲ್ಲಿ ಬಾಯಿಪಾಠ ಮಾಡಿದಂತೆಯೇ, ಮೂರು ಬಗೆ.

ಮೊದಲನೆಯದು ಲೋಪ. ಇದರಲ್ಲಿ ಮಾಡಿದ್ದೆಲ್ಲ ಮಾಡಿದ ಗುರುತಿಲ್ಲದೆ ಅಳಿಯುತ್ತದೆ. ರಂಗೋಲಿಯ ಮೇಲೆ ಹಾಲಿನವನ ಸ್ಕೂಟರು. ತೊಳೆದಿಟ್ಟ ಲೋಟ ಮತ್ತೆ ಸಿಂಕಿನಲ್ಲಿ. ಹತ್ತು ದೋಸೆ ಹುಯ್ದವಳ ತಟ್ಟೆಗೆ ಸೀದ ಹನ್ನೊಂದನೆಯದು. ಅರ್ಥ ಕೆಡದಿದ್ದರೆ ಮಾತ್ರ ಲೋಪ ಎಂಬುದು ವ್ಯಾಕರಣದ ನಿಯಮ. ಅರ್ಥವೆಂದರೆ ದುಡ್ಡೂ ಹೌದಾದ್ದರಿಂದ, ಇಲ್ಲಿ ಕೆಡುವುದಕ್ಕೆ ಏನೂ ಇಲ್ಲ. 2019ರ ರಾಷ್ಟ್ರೀಯ ಕಾಲಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರಿಗೆ ದಿನಕ್ಕೆ 299 ನಿಮಿಷ ಹಿಡಿದಿದೆ, ಮಾಡುವ ಗಂಡಸರಿಗೆ 97. ಸರ್ಕಾರದ ಉದ್ಯೋಗ ಸಮೀಕ್ಷೆ ಮನೆವಾರ್ತೆಯವಳಿಗೆ 92 ಎಂಬ ಸಂಕೇತ ಕೊಟ್ಟಿದೆ. ಹೊಲಿಗೆ, ಸೌದೆ ಆಯುವುದೂ ಸೇರಿದರೆ ಬಡ್ತಿ ಸಿಕ್ಕಿ 93. ಎರಡೂ ದುಡಿಯುವವರ ಲೆಕ್ಕದಿಂದ ಹೊರಗೆ. 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ಕೆಲಸವಿಲ್ಲದವರ ಪಂಕ್ತಿಯಲ್ಲಿ ಕೂರಿಸಿದ್ದನ್ನು 2010ರಲ್ಲಿ ಸುಪ್ರೀಂ ಕೋರ್ಟು ಆಕ್ಷೇಪಿಸಿತು. ಪಂಕ್ತಿಯೆಂದ ಮೇಲೆ ಬಡಿಸುವವರು ಯಾರೆಂದು ಯಾರೂ ಕೇಳಲಿಲ್ಲ.

ಆಗಮದಲ್ಲಿ ಹೊಸದು ಬಂದು ಸೇರುತ್ತದೆ, ಹಳೆಯದು ಕದಲುವುದಿಲ್ಲ. ಪೀಣ್ಯದ ಗಾರ್ಮೆಂಟ್ಸಿನಿಂದ ಮರಳುವ ಬಸ್ಸಿನಲ್ಲೇ ಅವರೆಕಾಯಿ ಸುಲಿಯುವುದು ಇದಕ್ಕೆ ಪ್ರಯೋಗ. ಇಲ್ಲೊಂದು ವಿಶೇಷ ಧಾತು ಉಂಟು: 'ಕಳಿಸು'. "ಸೊಸೇನ ಕೆಲಸಕ್ಕೆ ಕಳಿಸ್ತೀರಾ?" ಎಂದು ಕೇಳುತ್ತಾರೆ, ಅಳಿಯನನ್ನು ಯಾರೂ ಕೆಲಸಕ್ಕೆ ಕಳಿಸಿದ್ದಿಲ್ಲ, ಅವನು ತಾನೇ ಹೋಗುತ್ತಾನೆ.

ಒಂದರ ಜಾಗಕ್ಕೆ ಇನ್ನೊಂದು ಬಂದರೆ ಆದೇಶ. ಹೆಸರು ಹೋಗಿ 'ಮೇಷ್ಟ್ರ ಹೆಂಡ್ತಿ', ಅದೂ ಹೋಗಿ 'ಚಿಂಟು ಅಮ್ಮ'. ಅಂಗಡಿಯಲ್ಲಿ ಬಿಲ್ಲಿಗೆ ಹೆಸರು ಕೇಳಿದರೆ ಅವಳೇ ಗಂಡನ ಹೆಸರು ಬರೆಸುತ್ತಾಳೆ. ಆದೇಶದ ಇನ್ನೊಂದು ಅರ್ಥ ಓದುಗರಿಗೆ ತಿಳಿದದ್ದೇ.

ಉಳಿದದ್ದು ಪ್ರಕೃತಿಭಾವ: ಪ್ಲುತದ ಮುಂದೆ ಸಂಧಿಯಾಗದು, ಇದ್ದದ್ದು ಇದ್ದಂತೆಯೇ ಇರುತ್ತದೆ. ಜಗುಲಿಯಿಂದ "ಲೇ, ಕಾಫೀ..." ಎಂಬ ದೀರ್ಘವಾದ ಕೂಗು ಪ್ಲುತ. ನೆಲ ಒರೆಸುವ ಬಟ್ಟೆ ಕುರ್ಚಿಯ ಬಳಿ ಬಂದಾಗ ಪೇಪರಿನಿಂದ ಕಣ್ಣು ತೆಗೆಯದೆ ಎರಡೂ ಕಾಲು ಮೇಲೆತ್ತುವುದು ಉದಾಹರಣೆ.