ಗೆರೆಯೊಳಗೊಂದು ಗಾಡಿ: ಚಿಕ್ಕಪಡಸಲಗಿಯಿಂದ ಕಂಡ ಪಾರ್ಕಿಂಗ್ ಕಲಹಗಳ ತೌಲನಿಕ ಅಧ್ಯಯನ

ವಿಷಯ ಪ್ರವೇಶ

ಕನ್ನಡ ಸಂಶೋಧನೆ ಗೀಗೀ ಪದಗಳನ್ನು ಬಿಟ್ಟಿಲ್ಲ, ಬೀಸುಕಲ್ಲನ್ನು ಬಿಟ್ಟಿಲ್ಲ, ಬಯಲಾಟದ ಕಿರೀಟವನ್ನೂ ಬಿಟ್ಟಿಲ್ಲ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬೆಳಗಿನ ಎಂಟೂವರೆಗೆ ಇಬ್ಬರು ಇಂಜಿನಿಯರುಗಳು ಒಂದು ಹಳದಿ ಗೆರೆಯ ಆಚೆ ಈಚೆ ನಿಂತು ಆಡುವ ಮಾತುಗಳನ್ನು ಯಾವ ವಿದ್ವಾಂಸರೂ ಸಂಗ್ರಹಿಸಿದಂತಿಲ್ಲ. ಆ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಬಡ್ತಿ ಎಂಬ ಇನ್ನೊಂದು ಉದ್ದೇಶವೂ ಉಂಟು. ಅದು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಸಂಶೋಧಕನ ವಾಸ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ, ಕೃಷ್ಣೆಯ ದಂಡೆ. ಅಪಾರ್ಟ್‌ಮೆಂಟು, ಅಸೋಸಿಯೇಷನ್ನು, ಗಾಜಿಗೆ ಅಂಟಿಸುವ ಸ್ಟಿಕರು ಇವು ಯಾವುವೂ ಇಲ್ಲಿಯ ಬೆಳೆಗಳಲ್ಲ. ಇಲ್ಲಿಯ ಬೆಳೆ ಕಬ್ಬು. ಇಲ್ಲದ ವಸ್ತುವಿನ ಮೇಲೆ ಕ್ಷೇತ್ರಕಾರ್ಯ ಮಾಡುವುದು ಹೇಗೆಂದು ಮಾರ್ಗದರ್ಶಕರು ಆಕ್ಷೇಪಿಸಿದರು. ವಸ್ತುನಿಷ್ಠತೆಗೆ ವಸ್ತುವಿನಿಂದ ದೂರವಿರಬೇಕು, ಬೆಂಗಳೂರು ಇಲ್ಲಿಂದ ಐದುನೂರು ಕಿಲೋಮೀಟರಿಗೂ ದೂರ, ಇದಕ್ಕಿಂತ ವಸ್ತುನಿಷ್ಠವಾದ ಊರು ಎಲ್ಲಿ ಸಿಕ್ಕೀತು ಎಂದು ಉತ್ತರಿಸಲಾಯಿತು. ಮಾರ್ಗದರ್ಶಕರು ಸುಮ್ಮನಾದರು. ಅವರದೂ ಯಲಹಂಕದ ಕಡೆ ಒಂದು ಫ್ಲ್ಯಾಟಿದೆ.

ವಕ್ತೃಗಳು ಎರಡು ಬಗೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ಹೋಗಿ ಬೆಂಗಳೂರಿನಲ್ಲಿ ಕಂತಿನ ಮೇಲೆ ಮನೆ ಕೊಂಡವರು ಒಂದು ಬಗೆ. ಅವರನ್ನು ನೋಡಲು ಜೋಳದ ಚೀಲ, ಬೆಲ್ಲದ ಪೆಂಟೆ, ಶೇಂಗಾ ಹಿಂಡಿ ಹೇರಿಕೊಂಡು ರಾತ್ರಿಯಿಡೀ ಗಾಡಿ ಹೊಡೆದು ಹೋದ ಅಪ್ಪಂದಿರು, ಕಾಕಾಗಳು ಇನ್ನೊಂದು ಬಗೆ. ಎರಡನೆಯವರ ಹೇಳಿಕೆಗಳಲ್ಲಿ ಅಚ್ಚಿಗೆ ಯೋಗ್ಯವಾದವನ್ನು ಮಾತ್ರ ಬಳಸಿಕೊಳ್ಳಲಾಗಿದೆ. ಆದ್ದರಿಂದ ಸಾಮಗ್ರಿ ಸ್ವಲ್ಪ ಕಡಿಮೆಯಾಗಿದೆ.

ಮೂಲಪಠ್ಯ ಮತ್ತು ಅದರ ವ್ಯಾಖ್ಯಾನ

ಈ ಕ್ಷೇತ್ರದ ಆದಿಪಠ್ಯವೆನ್ನಬಹುದಾದ ಸಂವಾದವೊಂದು ದಾಖಲಾಗಿರುವುದು ಮುಂಜಾನೆ ಆರರ ಸುಮಾರಿಗೆ, ಗೇಟಿನ ಬಳಿ.

“ವಿಸಿಟರ್ ಗಾಡಿ ಒಳಗೆ ಬಿಡಂಗಿಲ್ಲ ಸಾರ್. ಹೊರಗೆ ರೋಡಲ್ಲಿ ಹಾಕಿ.”

“ತಮ್ಮಾ, ನಾ ವಿಸಿಟರ್ ಅಲ್ಲೋ. ಈ ಮನೀ ಯಜಮಾನನ ಅಪ್ಪ ಅದೀನಿ.”

“ಸ್ಟಿಕರ್ ಇದೆಯಾ ಸಾರ್?”

“ಅಪ್ಪಗ ಯಾರ್ ಸ್ಟಿಕರ್ ಹಚ್ತಾರೋ?”

ಭಾರತೀಯ ಜ್ಞಾನಮೀಮಾಂಸೆಯಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದ ಇತ್ಯಾದಿ ಪ್ರಮಾಣಗಳಿವೆ. ಮೇಲಿನ ಪಠ್ಯದಲ್ಲಿ ತಂದೆ ಪ್ರತ್ಯಕ್ಷವಾಗಿ ನಿಂತಿದ್ದಾನೆ. ಮೂಗಿನ ಹೋಲಿಕೆಯಿಂದ ಅನುಮಾನಕ್ಕೂ ಅವಕಾಶವಿದೆ. ಫೋನಿನಲ್ಲಿ ಮಗನ ದನಿ ಕೇಳಿಸಿದರೆ ಶಬ್ದವೂ ಆಯಿತು. ಆದರೂ ಗೇಟು ತೆರೆಯಲಿಲ್ಲ. ಹೀಗಾಗಿ ಸ್ಟಿಕರನ್ನು ಸ್ವತಂತ್ರ ಪ್ರಮಾಣವೆಂದು ಅಂಗೀಕರಿಸದೆ ಗತ್ಯಂತರವಿಲ್ಲ. ನೈಯಾಯಿಕರು ಒಪ್ಪಲಿಕ್ಕಿಲ್ಲ. ಅವರು ಅಪಾರ್ಟ್‌ಮೆಂಟಿನಲ್ಲಿ ಇರಲಿಲ್ಲ.

ಸೆಕ್ಯುರಿಟಿಯವನ ಮೇಲೆ ಇಲ್ಲಿ ಯಾವ ದೋಷವನ್ನೂ ಹೊರಿಸಿಲ್ಲ. ನಿಯಮ ಮಾಡಿದ್ದು ಸಮಿತಿ, ಬೈಸಿಕೊಳ್ಳುವವನು ಅವನು. ಹನ್ನೆರಡು ತಾಸು ನಿಂತಿರುವ ಅವನದೇ ಸೈಕಲ್ಲಿಗೆ ಒಳಗೆ ಜಾಗವಿದೆಯೇ ಎಂದು ಯಾವ ಮಹಾಸಭೆಯಾದರೂ ಕೇಳಿದ ದಾಖಲೆ ನಮಗೆ ಸಿಕ್ಕಿಲ್ಲ.

ಕ್ಷೇತ್ರಫಲ

ಒಂದು ಕಾರಿಗೆ ಸಾಮಾನ್ಯವಾಗಿ ಬಿಡುವ ಜಾಗ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ, ಒಟ್ಟು 12.5 ಚದರ ಮೀಟರ್. ನಮ್ಮ ಕಡೆಯ ಓದುಗರಿಗೆ ಇದರಿಂದ ಏನೂ ತಿಳಿಯುವುದಿಲ್ಲವಾದ್ದರಿಂದ ಗುಂಟೆಯಲ್ಲಿ ಹೇಳುವುದು ಮೇಲು. ಗುಂಟೆಗೆ 1,089 ಚದರ ಅಡಿ, ಅಂದರೆ ಸುಮಾರು 101 ಚದರ ಮೀಟರ್. ಗುಂಟೆಗೆ ಎಂಟು ಕಾರು, 40 ಗುಂಟೆಯ ಎಕರೆಗೆ 320 ಕಾರು. ಇದು ಗಾಡಿ ಒಳಬರಲು ದಾರಿ ಬಿಡದೆ ಹಾಕಿದ ಲೆಕ್ಕ; ಕೆಲವು ಕಟ್ಟಡಗಳ ನಕ್ಷೆ ಮಾಡಿದವರೂ ಇದೇ ಪದ್ಧತಿಯನ್ನು ಅನುಸರಿಸಿದಂತೆ ಕಾಣುತ್ತದೆ. ಈ ಲೆಕ್ಕ ಕೇಳಿದ ನಮ್ಮ ಕಾಕಾ ತುಸು ಹೊತ್ತು ಸುಮ್ಮನಿದ್ದು, “ಎಕರೆಕ್ಕ ಮುನ್ನೂರಿಪ್ಪತ್ತು. ನೀರ್ ಬ್ಯಾಡ, ಗೊಬ್ಬರ ಬ್ಯಾಡ, ಕಾರ್ಖಾನಿ ಬಾಕಿ ಅಂತೂ ಇಲ್ಲೇ ಇಲ್ಲ. ನಾವು ಸುಮ್ಮನ ಕಬ್ಬ ಹಚ್ಚಿ ಕೆಟ್ಟಿವಿ” ಎಂದರು.

ಧರ್ಮಶಾಸ್ತ್ರ

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ. ಅದರ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಜೀಮೂತವಾಹನನ ದಾಯಭಾಗದ ಪ್ರಕಾರ ಅಪ್ಪ ಸತ್ತ ಮೇಲೆ. ಇವೆರಡೂ ಬಂಗಾಳ-ಕರ್ನಾಟಕಗಳ ಹಳೆಯ ಭೇದವೆಂದು ಪೂರ್ವಸೂರಿಗಳು ಭಾವಿಸಿದ್ದರು. ನಮ್ಮ ಕ್ಷೇತ್ರಕಾರ್ಯದಲ್ಲಿ ಎರಡೂ ಪಂಥಗಳು ಒಂದೇ ಕಟ್ಟಡದಲ್ಲಿ ಜೀವಂತವಾಗಿರುವುದು ಕಂಡುಬಂತು. ಮನೆಯ ಮಾಲೀಕರು ಮಿತಾಕ್ಷರದವರು: ಬುಕಿಂಗ್ ಮಾಡಿದ ದಿನವೇ, ಕಟ್ಟಡ ಹುಟ್ಟುವ ಮೊದಲೇ, ಕಂಬದ ಪಕ್ಕದ ಆ ಜಾಗ ನಮ್ಮದಾಯಿತು ಎನ್ನುತ್ತಾರೆ. ಬಾಡಿಗೆಗೆ ಇರುವವರು ದಾಯಭಾಗದವರು. ಮಾಲೀಕ ಅಮೆರಿಕಕ್ಕೆ ಹೋಗುವಾಗ ಕವರು ಹೊದಿಸಿ ಬಿಟ್ಟುಹೋದ ಹಳೆಯ ಕಾರು ಎಂದಾದರೊಮ್ಮೆ ಗುಜರಿಗೆ ಹೋದೀತು, ಅಂದು ನಮಗೆ ಜಾಗ ಸಿಕ್ಕೀತು ಎಂದು ಕಾಯುತ್ತಾರೆ.

ಕಾನೂನು ಏನು ಹೇಳುತ್ತದೆ? ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972, ಪಾರ್ಕಿಂಗ್ ಜಾಗವನ್ನು ಅಂಗಳ, ತೋಟ, ನೆಲಮಾಳಿಗೆಗಳ ಸಾಲಿನಲ್ಲಿ ಸಾಮಾನ್ಯ ಪ್ರದೇಶವೆಂದು ಎಣಿಸುತ್ತದೆ. ಕಟ್ಟಡದ ಘೋಷಣಾ ಪತ್ರದಲ್ಲಿ (ಡೀಡ್ ಆಫ್ ಡಿಕ್ಲರೇಷನ್) ಬೇರೆ ಹೇಳಿದ್ದರೆ ಅದು ಬೇರೆ ಮಾತು. ಸಾಮಾನ್ಯ ಪ್ರದೇಶ ಎಂದಿಗೂ ಅವಿಭಕ್ತ. ಅದರಲ್ಲಿ ಪಾಲು ಮಾಡಿಕೊಡಿ ಎಂದು ದಾವೆ ಹೂಡುವಂತಿಲ್ಲ. ಅಂದರೆ ಅತ್ತೆ-ಮಾವ ಜೊತೆಗಿದ್ದರೆ ಒಗ್ಗುವುದಿಲ್ಲವೆಂದು ಬೇರೆ ಮನೆ ಮಾಡಿದ ದಂಪತಿಗಳು ರಿಜಿಸ್ಟ್ರಾರರ ಕಚೇರಿಯಲ್ಲಿ ಸಹಿ ಹಾಕಿದ ಗಳಿಗೆಯಲ್ಲಿ, ಮುಖಪರಿಚಯವೂ ಇಲ್ಲದ ನೂರಾರು ಜನರ ಅವಿಭಕ್ತ ಕುಟುಂಬವನ್ನು ಸೇರಿಬಿಟ್ಟಿರುತ್ತಾರೆ. ಇದು ತಿಳಿಯಬೇಕಾದರೆ ಘೋಷಣಾ ಪತ್ರ ಓದಬೇಕು. ಓದಿದ ಒಬ್ಬ ವಕ್ತೃವೂ ನಮಗೆ ದೊರೆಯಲಿಲ್ಲ.

ಮುಂದೆ 2010ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟು ಮುಂಬಯಿಯ ಪ್ರಕರಣವೊಂದರಲ್ಲಿ, ಕಂಬಗಳ ಮೇಲೆ ಎದ್ದ ಕಟ್ಟಡದ ಕೆಳಗಿನ ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರು ಬೇರೆಯಾಗಿ ಮಾರುವಂತಿಲ್ಲ, ಅದು ಎಲ್ಲರಿಗೂ ಸೇರಿದ್ದು ಎಂದು ತೀರ್ಪಿತ್ತಿತು. 2016ರ ರೇರಾ ಕಾಯ್ದೆ ತೆರೆದ ಪಾರ್ಕಿಂಗನ್ನು ಸಾಮಾನ್ಯ ಪ್ರದೇಶಕ್ಕೆ ಸೇರಿಸಿ, ಗ್ಯಾರೇಜು ಎಂದರೆ ಮೇಲೆ ಸೂರು, ಮೂರು ಕಡೆ ಗೋಡೆ ಇರಬೇಕೆಂದು ಲಕ್ಷಣ ಹೇಳಿತು. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದೊಡನೆ ದನ ಕಟ್ಟುವ ದಂದಕ್ಕಿ ಸಿಗುತ್ತದೆ. ಮೇಲೆ ಸೂರು, ಮೂರು ಕಡೆ ಗೋಡೆ. ಸಂಸತ್ತು ತಿಳಿದೋ ತಿಳಿಯದೆಯೋ ನಮ್ಮ ಎಮ್ಮೆಗೆ ಕೊಟ್ಟ ಮಾನ್ಯತೆಯನ್ನು ಬೆಂಗಳೂರಿನ ಕಂಬಸಾಲಿನ ಕಾರುಗಳಿಗೆ ಕೊಟ್ಟಿಲ್ಲ ಎಂಬುದನ್ನು ಇಲ್ಲಿ ಹೆಮ್ಮೆಯಿಂದ ದಾಖಲಿಸಲಾಗಿದೆ.

ಸಾಹಿತ್ಯಿಕ ಆಕರ

2010ರ ಆ ಪ್ರಕರಣದಲ್ಲಿ ಬಿಲ್ಡರಿಗೆ ಎದುರಾಗಿ ನಿಂತ ಗೃಹನಿರ್ಮಾಣ ಸಂಘದ ಹೆಸರು ಪಾಂಚಾಲಿ. ಇನ್ನು ಮಹಾಭಾರತಕ್ಕೆ ಹೋಗದೆ ಉಪಾಯವಿಲ್ಲ, ಹೋದ ಮೇಲೆ ಮುಧೋಳ ಸೀಮೆಯ ರನ್ನನನ್ನು ಕಾಣದೆ ಬರುವಂತಿಲ್ಲ. ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನ ‘ಗದಾಯುದ್ಧ’ದಲ್ಲಿ ಕುರುಕ್ಷೇತ್ರದ ಕೊನೆಯ ಕದನವೊಂದನ್ನೇ ಹಿಡಿದು, ಹಿಂದಿನ ಕಥೆಯನ್ನೆಲ್ಲ ಸಿಂಹಾವಲೋಕನ ಕ್ರಮದಲ್ಲಿ ಹೇಳಿದ. ಈ ಕ್ರಮ ರನ್ನನೊಂದಿಗೆ ಮುಗಿಯಿತೆಂದು ಸಾಹಿತ್ಯ ಚರಿತ್ರೆಕಾರರು ತಿಳಿದಿದ್ದರೆ ಅವರು ಒಮ್ಮೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ಸೇರಬೇಕು. ಇಂದು ಬೆಳಿಗ್ಗೆ ಬಂಪರಿಗೆ ಬಿದ್ದ ಗೀರಿನಿಂದ ಆರಂಭವಾದ ಮಾತು, ಹೋದ ವರ್ಷದ ಗಣೇಶೋತ್ಸವದ ಪೆಂಡಾಲಿಗೆ, ಅಲ್ಲಿಂದ ನೀರಿನ ಟ್ಯಾಂಕರಿನ ಲೆಕ್ಕಕ್ಕೆ, ಅಲ್ಲಿಂದ ಕೀಲಿಕೈ ಹಸ್ತಾಂತರದ ದಿನಕ್ಕೆ ಹಿಂದಿರುಗಿ ನೋಡುತ್ತದೆ. ಕಾವ್ಯದಲ್ಲಿ ದುರ್ಯೋಧನ ವೈಶಂಪಾಯನ ಸರೋವರದೊಳಗೆ ಅಡಗುತ್ತಾನೆ. ಇಲ್ಲಿ ಕಾರ್ಯದರ್ಶಿಯ ಫೋನು ಸ್ವಿಚ್ ಆಫ್ ಆಗುತ್ತದೆ. ಭೀಮ ಹೊರಗೆ ನಿಂತು ಮೂದಲಿಸಿದಂತೆ ಮೂರನೇ ಮಹಡಿಯವರು ಗುಂಪಿನಲ್ಲಿ ಮೂದಲಿಸುತ್ತಾರೆ. ತೊಡೆ ಮುರಿಯುವ ಬದಲು ವೈಪರ್ ಎತ್ತಿ ನಿಲ್ಲಿಸುತ್ತಾರೆ. ರಸಭಂಗ ಇಷ್ಟೇ.

ಶಾಸನ ಪರಂಪರೆ

ದಾನಶಾಸನಗಳ ಕೊನೆಯಲ್ಲಿ ಶಾಪಾಶಯವಿರುವುದು ಎಲ್ಲರಿಗೂ ತಿಳಿದದ್ದೇ. ಕೊಟ್ಟ ಭೂಮಿಯನ್ನು ಕಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕಪಿಲೆಗಳನ್ನು ಕೊಂದ ಪಾಪ ತಟ್ಟಲಿ ಎಂಬ ಒಕ್ಕಣೆ ಸಾಮಾನ್ಯ. ಇದಕ್ಕೆ ಸಂವಾದಿಯಾದ ಆಧುನಿಕ ಗೇಟುಬರಹ: “ಇಲ್ಲಿ ವಾಹನ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು.” ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈ ಶಾಸನ ದೊರೆಯುತ್ತದೆ. ಪಾಪ ಪರಲೋಕದ್ದು, ಪರೀಕ್ಷಿಸಲಾಗದು. ಗಾಳಿ ಇಹಲೋಕದ್ದು, ಸಂಜೆಯೊಳಗೆ ಸಿದ್ಧವಾಗುತ್ತದೆ. ಒಂದು ಫಲಕದಲ್ಲಿ ‘ವಾಹನ’ ಎಂಬುದರ ಮೇಲೆ ಯಾರೋ ಬಾಲ್‌ಪೆನ್ನಿನಿಂದ ‘ಸೆಕ್ರೆಟರಿ ವಾಹನ ಬಿಟ್ಟು’ ಎಂದು ಸೇರಿಸಿರುವುದು ಕಂಡುಬಂದಿದೆ. ಇದು ಪ್ರಕ್ಷಿಪ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅರ್ಥದೃಷ್ಟಿಯಿಂದ ಇದೇ ಶುದ್ಧಪಾಠ.

ಮಹಾಸಭೆಯ ಬಗ್ಗೆ ಹೆಚ್ಚು ಬರೆಯಬೇಕಾದ್ದಿಲ್ಲ. ಲೆಕ್ಕಪತ್ರ ಮಂಡನೆಯಿದ್ದ ದಿನ ಕೋರಂ ಆಗುವುದಿಲ್ಲ, ಪಾರ್ಕಿಂಗ್ ಠರಾವಿದ್ದ ದಿನ ಕುರ್ಚಿ ಸಾಲುವುದಿಲ್ಲ. ಸಂಘವೇ ಯಾವ ಕಾಯ್ದೆಯಡಿ ನೋಂದಣಿಯಾಗಬೇಕು, 1959ರ ಸಹಕಾರ ಸಂಘಗಳ ಕಾಯ್ದೆಯೋ, 1960ರ ಸಂಘಗಳ ನೋಂದಣಿ ಕಾಯ್ದೆಯೋ, 1972ರದೋ ಎಂಬ ವ್ಯಾಜ್ಯ ಹೈಕೋರ್ಟಿನವರೆಗೂ ಹೋಗಿ ಬಂದಿದೆ. ಹೀಗಾಗಿ ದಂಡ ಹಾಕುವವರ ಅಸ್ತಿತ್ವವನ್ನೇ ದಂಡ ಕಟ್ಟಬೇಕಾದವರು ಪ್ರಶ್ನಿಸುತ್ತಾರೆ, ಚರ್ಚೆ ನೇರವಾಗಿ ವೇದಾಂತಕ್ಕೆ ಹೋಗುತ್ತದೆ.

ತೌಲನಿಕ ಭಾಗ

ಈಗ ಚಿಕ್ಕಪಡಸಲಗಿ. 1989ರಲ್ಲಿ, ಬಾಗಲಕೋಟೆ ಇನ್ನೂ ವಿಜಾಪುರ ಜಿಲ್ಲೆಯೊಳಗೇ ಇದ್ದ ಕಾಲದಲ್ಲಿ, ಇಲ್ಲಿಯ ರೈತರು ಸರ್ಕಾರದ ದಾರಿ ಕಾಯದೆ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿಕೊಂಡರು. ಮುಂದಾಳು ಸಿದ್ದು ನ್ಯಾಮಗೌಡ, ಬೆನ್ನಿಗಿದ್ದದ್ದು ಕೃಷ್ಣಾ ತೀರ ರೈತ ಸಂಘ. ರೈತರೇ ಪಟ್ಟಿ ಹಾಕಿ ಹಣ ಎತ್ತಿದರು, ರೈತರೇ ಮೈಮುರಿದು ದುಡಿದರು. ಕಟ್ಟಿದ್ದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಾಯಿತು, ಕಟ್ಟಿಸಿದವರು ಬ್ಯಾರೇಜ್ ಸಿದ್ದು ಆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ನಿಂತು ರಾಮಕೃಷ್ಣ ಹೆಗಡೆಯವರಂಥ ಹೆಗಡೆಯವರನ್ನೇ ಸೋಲಿಸಿ ಕೇಂದ್ರದಲ್ಲಿ ಮಂತ್ರಿಯೂ ಆದರು. ಆಮೇಲೂ ಬೇಸಿಗೆಯ ಚಿಂತೆಯಲ್ಲಿ ಆಲಮಟ್ಟಿಯ ಹಿನ್ನೀರನ್ನು ಪಂಪುಗಳಿಂದ ಎತ್ತಿ ಬ್ಯಾರೇಜು ತುಂಬಿಸಿಕೊಂಡವರು ಈ ರೈತರು.

ಹರಿಯುವ ನದಿಗೆ ಗೆರೆ ಎಳೆಯಲು ಬರುವುದಿಲ್ಲ. ಯಾರ ಪಂಪಿಗೆ ಎಷ್ಟು ನೀರೆಂದು ಹಳದಿ ಬಣ್ಣ ಬಳಿಯಲು ಬರುವುದಿಲ್ಲ. ಅಂಥದ್ದನ್ನು ಹಂಚಿಕೊಂಡವರ ಮಕ್ಕಳು, ಮೊಮ್ಮಕ್ಕಳು, ನಿಂತಲ್ಲೇ ನಿಂತಿರುವ 12.5 ಚದರ ಮೀಟರ್ ಸಿಮೆಂಟನ್ನು ಹಂಚಿಕೊಳ್ಳಲಾರದೆ ವಕೀಲರ ನೋಟಿಸು ಕೊಡುವುದೇಕೆ? ಇದು ಪ್ರಬಂಧದ ಮುಖ್ಯ ಪ್ರಶ್ನೆ. ಬನಹಟ್ಟಿಯ ನೇಕಾರ ಮನೆತನದ ವಕ್ತೃವೊಬ್ಬರು ಇದನ್ನೇ ತಮ್ಮ ರೀತಿಯಲ್ಲಿ ಕೇಳಿದರು: “ಒಂದ ಮಗ್ಗದಾಗ ಸಾವಿರಾರು ಎಳಿ ಕುಂದರ್ತಾವ್ರೀ. ಇಪ್ಪತ್ನಾಲ್ಕ ಕಾರ್ ಕುಂದರೂದಿಲ್ಲಂದ್ರ ಹೆಂಗ?”

ಹಳ್ಳಿಯವರು ಒಳ್ಳೆಯವರು, ಪೇಟೆಯವರು ಕೆಟ್ಟವರು ಎಂಬ ಸುಲಭದ ಉತ್ತರವನ್ನು ಸಂಶೋಧಕ ಪರಿಶೀಲಿಸಿ ಕೈಬಿಟ್ಟಿದ್ದಾನೆ. ಹೊಲದ ಬದುವಿನ ಮೇಲಿನ ಒಂದು ಬೇವಿನ ಗಿಡಕ್ಕಾಗಿ ಅಣ್ಣತಮ್ಮಂದಿರು ಜಮಖಂಡಿಯ ಕೋರ್ಟಿಗೆ ಅಲೆಯುವುದು ನಮ್ಮಲ್ಲಿ ಅಪರೂಪವಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರು ಓಣಿಯ ಬಾಯಲ್ಲಿ ನಿಂತಿತೆಂದರೆ, ಡ್ರೈವರು ಚಹಾ ಕುಡಿದು ಬರುವವರೆಗೆ ಹೆರಿಗೆಗೆ ಹೊರಟವರೂ ಕಾಯಬೇಕು. ಆದರೆ ಅವನನ್ನು ಬೈಯುವವರಿಗೆ ಅವನ ಹೆಸರು ಗೊತ್ತಿರುತ್ತದೆ, ಅವನ ಅಪ್ಪನ ಹೆಸರೂ ಗೊತ್ತಿರುತ್ತದೆ, ಬೈಗಳಲ್ಲಿ ಎರಡನ್ನೂ ಬಳಸುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಗೊತ್ತಿರುವುದು ಫ್ಲ್ಯಾಟ್ ನಂಬರು.

ನಮ್ಮ ಫಲಿತಾಂಶ ಹೀಗಿದೆ. ಬ್ಯಾರೇಜಿನವರು ಮೊದಲು ಒಟ್ಟಿಗೆ ಕೂತರು, ಆಮೇಲೆ ದುಡ್ಡು ಹಾಕಿದರು, ಕೊನೆಗೆ ನೀರು ಬಂತು. ಅಪಾರ್ಟ್‌ಮೆಂಟಿನವರು ಮೊದಲು ಒಬ್ಬೊಬ್ಬರೇ ಬಿಲ್ಡರಿಗೆ ದುಡ್ಡು ಕೊಟ್ಟರು, ಆಮೇಲೆ ಜಾಗ ನೋಡಿದರು, ಜಗಳವಾದ ಮೇಲೆ ಒಬ್ಬರನ್ನೊಬ್ಬರು ಕಂಡರು. ಒಟ್ಟಿಗೆ ಕೂತದ್ದು ಪೊಲೀಸ್ ಠಾಣೆಯ ಬೆಂಚಿನ ಮೇಲೆ.

ಶಿಫಾರಸುಗಳು

ಮಗನ ಮನೆಗೆ ಬರುವ ಅಪ್ಪ-ಅವ್ವನ ಗಾಡಿಗೆ, ಜೋಳದ ಚೀಲ ಇಳಿಸುವಷ್ಟು ಹೊತ್ತಾದರೂ, ಒಳಗೆ ಜಾಗ ಕೊಡಬೇಕು. ಕವರು ಹೊದ್ದು ಧೂಳು ಹಿಡಿದ ಕಾರುಗಳನ್ನು ಸ್ತರಶಾಸ್ತ್ರಕ್ಕೆ ಅನುಗುಣವಾಗಿ ಉತ್ಖನನ ಮಾಡಿ ಹೊರಹಾಕಬೇಕು. ಸಮಿತಿಯವರು ಠರಾವು ಮಾಡುವ ಮೊದಲು ಘೋಷಣಾ ಪತ್ರವನ್ನು ಒಮ್ಮೆ ಗಟ್ಟಿಯಾಗಿ ಓದಬೇಕು. ಮೊದಲ ಎರಡು ಅನುಷ್ಠಾನಕ್ಕೆ ಬಂದಾವು. ಮೂರನೆಯದರ ಬಗ್ಗೆ ಸಂಶೋಧಕನಿಗೆ ಭರವಸೆಯಿಲ್ಲ.

ಪ್ರಬಂಧದ ಮೌಖಿಕ ಪರೀಕ್ಷೆ ಮಾರ್ಗದರ್ಶಕರ ಯಲಹಂಕದ ಮನೆಯಲ್ಲಿ ನಡೆಯಲಿದೆ. ಪರೀಕ್ಷಕರು ದಯವಿಟ್ಟು ಬಸ್ಸಿಗೆ ಬರಬೇಕಾಗಿ ವಿನಂತಿ.