ಸನಾದಿಯವನ ಗಲ್ಲ, ಟೇಲರ್‌ನ ಹೊಲಿಗೆ

ಪೇಪರಿನಲ್ಲಿ ಸಿನಿಮಾಕ್ಕೆ ಮೂರೂವರೆ ಚುಕ್ಕಿ ಅಂತ ಕೊಡ್ತಾರಲ್ರಿ, ಮೂರು ತಿಳೀತು, ಆ ಅರ್ಧ ಚುಕ್ಕಿ ಯಾವ ಲೆಕ್ಕದ್ದು ಅಂತ ಪಕ್ಕದ ಮನೆ ಕಾಕಾ ಗೋಡೆ ಮೇಲಿಂದ ಕೇಳ್ತಾರೆ. ಮಧ್ಯಂತರಕ್ಕೇ ಎದ್ದು ಬಂದವರು ಕೊಟ್ಟದ್ದಿರಬೇಕು ಬಿಡ್ರಿ ಅಂದೆ. ನಕ್ಕರು, ಆದರೆ ಒಪ್ಪಲಿಲ್ಲ. ಕಾಕಾ ಹಾಗೆಲ್ಲ ಸುಮ್ಮನೆ ಒಪ್ಪೋರಲ್ಲ.

ನಮ್ಮ ರಂಗಂಪೇಟೆಯಲ್ಲಿ ಚುಕ್ಕಿಗಿಕ್ಕಿ ನಡೆಯೋದಿಲ್ಲ. ಸುರಪುರದ ಮಗ್ಗುಲಲ್ಲೇ ಇದ್ದೀವಿ. ಸಿನಿಮಾ ನೋಡೋದು ಅಲ್ಲಿ, ಅದರ ಪಂಚನಾಮೆ ಮಾಡೋದು ಇಲ್ಲಿ, ಕಟ್ಟೆ ಮೇಲೆ. ಒಬ್ಬೊಬ್ಬರು ತಮ್ಮ ತಮ್ಮ ಕಸುಬಿನ ಕಣ್ಣು ತಗೊಂಡೇ ಟಾಕೀಸಿಗೆ ಹೋಗ್ತಾರೆ. ಕಥೆ ಏನಾಯ್ತು, ಹೀರೋ ಹೀರೋಯಿನ್ ಕೂಡಿದರೋ ಇಲ್ಲೋ, ಅದು ಆಮೇಲಿನ ಮಾತು.

ಸನಾದಿ ಅಪ್ಪಣ್ಣ ಬಂತಲ್ಲ, 1977ರದು. ರಾಜಕುಮಾರ್ ಸನಾದಿ ಹಿಡಿದರು, ಒಳಗೆ ಊದಿದವರು ಬಿಸ್ಮಿಲ್ಲಾ ಖಾನ್ ಸಾಹೇಬರು. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಜಯಪ್ರದಾ ಕುಣಿದಿದ್ದಕ್ಕೆ ಊರೆಲ್ಲ ಬಾಯಿ ಬಿಟ್ಟು ಕೂತಿದ್ದಾಗ ನಮ್ಮ ಕಡೆ ಮದುವೆಗಳಲ್ಲಿ ಸನಾದಿ ಊದುತ್ತಿದ್ದ ಮುದುಕಪ್ಪ ಒಬ್ಬರು ಆ ಕಡೆ ಹೊರಳಿಯೂ ನೋಡಲಿಲ್ಲವಂತೆ. ಅವರು ನೋಡಿದ್ದು ರಾಜಕುಮಾರರ ಗಲ್ಲ. ಊದುವವನ ಗಲ್ಲ ಉಬ್ಬೋದಕ್ಕೆ ಒಂದು ರೀತಿ ಅದೆ. ಉಸಿರು ಮೂಗಿನಿಂದ ಒಳಗೆ, ಗಲ್ಲದಲ್ಲಿ ಕೂಡಿಟ್ಟದ್ದು ಪೀಪಿಯೊಳಗೆ, ನಡುವೆ ದನಿ ತುಂಡಾಗಬಾರದು. ಹೊರಗೆ ಬಂದು ಬೀಡಿ ಹಚ್ಚಿ ಅವರು ಕೊಟ್ಟ ತೀರ್ಪು: "ಬೆರಳು ಒಂದೆರಡು ಕಡಿ ತಪ್ಪ್ಯಾವ, ಗಲ್ಲ ಮಾತ್ರ ಖರೇ ಅದಾವ." ಅಷ್ಟೇ. ಜಿ.ಕೆ. ವೆಂಕಟೇಶರ ಸಂಗೀತ ಹೆಂಗಿತ್ತು ಅಂತ ಯಾರೋ ಕೇಳಿದರೆ, "ಸಾಹೇಬ್ರು ಊದುವಾಗ ಉಳಿದದ್ದೆಲ್ಲಾ ಯಾರ್ ಕೇಳ್ಯಾರ?" ಅಂದರಂತೆ. ಇದಕ್ಕಿಂತ ಗಟ್ಟಿ ವಿಮರ್ಶೆ ನಾನಂತೂ ಯಾವ ಪತ್ರಿಕೆಯಲ್ಲೂ ಓದಿಲ್ಲ. ನೀವು ಓದೀರೇನು?

ಅದರ ಹಿಂದೆ, 1974ರಲ್ಲಿ, ಸಂಪತ್ತಿಗೆ ಸವಾಲ್. ಅದು ಮೊದಲು ಧುತ್ತರಗಿಯವರ ನಾಟಕ, ಆಮೇಲೆ ಸಿನಿಮಾ. ಕಂಪನಿ ನಾಟಕ ನೋಡಿ ಬೆಳೆದ ನಮ್ಮ ಹಿರಿಯರಿಗೆ ಇದರ ಮಾತುಗಳು ಮೊದಲೇ ಬಾಯಿಪಾಠ. ಪರದೆ ಮೇಲೆ ನಟ ಬಾಯಿ ತೆರೆಯೋದಕ್ಕೆ ಮುಂಚೆ ಕೆಳಗೆ ಕೂತವರೇ ಹೇಳಿ ಮುಗಿಸೋರು. ಅದುವರೆಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ದನಿಯಲ್ಲಿ ಹಾಡುತ್ತಿದ್ದ ರಾಜಕುಮಾರ್ ಎಮ್ಮೆ ಮೇಲೆ ಕೂತು ತಮ್ಮ ಸ್ವಂತ ದನಿಯಲ್ಲಿ ಹಾಡಿಬಿಟ್ಟರು. ದೊಡ್ಡ ಸುದ್ದಿಯೇ ಬಿಡ್ರಿ. ಆದರೆ ಎರಡು ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದ ನಮ್ಮ ಓಣಿಯ ಅಮ್ಮಾಗೆ ದನಿ ಯಾರದಾದರೇನು? "ಅಷ್ಟು ಸಮಾಧಾನದ ಎಮ್ಮಿ ಎಲ್ಲಿ ಸಿಕ್ಕಿತವ್ವಾ ಅವರಿಗೆ? ನಂದು ನೊಣ ಕುಂತ್ರ ಒದೀತದ" ಅಂತ ಎಷ್ಟೋ ವರ್ಷ ಅದನ್ನೇ ಹೇಳೋಳು. ಕಾಕಾ ಹೇಳೋದು ಬೇರೆ. ನಾಟಕದ ಸ್ಟೇಜಿಗೆ ಎಮ್ಮೆ ಹತ್ತಿಸೋಕೆ ಆಗೋದಿಲ್ಲ, ಸಿನಿಮಾ ನಾಟಕಕ್ಕಿಂತ ಹೆಚ್ಚು ಅನಿಸಿಕೊಂಡಿದ್ದೇ ಆ ಎಮ್ಮೆಯಿಂದ ಅಂತ. ಯೋಚನೆ ಮಾಡಿದರೆ ಇದೂ ಒಂದು ಸಿದ್ಧಾಂತವೇ ಹೌದಲ್ರಿ?

ಬೇಡರ ಕಣ್ಣಪ್ಪನ ಮಾತು ಎತ್ತಿದರೆ ಮಾತ್ರ ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. 1954ರ ಚಿತ್ರ, ರಾಜಕುಮಾರ್ ನಾಯಕರಾಗಿ ನಿಂತ ಮೊದಲನೇದು. ಸುರಪುರ ಅಂದರೆ ಬೇಡ ನಾಯಕರ ಸಂಸ್ಥಾನ, ರಾಜಾ ವೆಂಕಟಪ್ಪ ನಾಯಕರ ಊರು. ಇಲ್ಲಿ ಆ ಚಿತ್ರವನ್ನು ಮನೆಯವರ ಫೋಟೋ ನೋಡಿದಂಗ ನೋಡ್ತಾರೆ. ಬಿಲ್ಲು ಹಿಡಿದದ್ದು ಸರಿ ಅದೆಯೋ ಇಲ್ಲೋ ಅಂತ ಇಬ್ಬರು ಹಿರಿಯರು ವಾದ ಹಚ್ಚಿದ್ದು ನಾನೇ ಕೇಳಿದ್ದೀನಿ. ಇಬ್ಬರೂ ಜೀವನದಲ್ಲಿ ಬಿಲ್ಲು ಹಿಡಿದವರಲ್ಲ, ಆ ಮಾತು ಬೇರೆ.

ವೇಣುಗೋಪಾಲಸ್ವಾಮಿ ಜಾತ್ರೆಯಲ್ಲೂ ಇದೇ ಕಥೆ. ಎಣ್ಣೆ ಬಳಿದ ಕಂಬ ಹತ್ತುವವನು ಮೇಲೆ ಜಾರುತ್ತಿದ್ದರೆ, ಕೆಳಗೆ ನಿಂತ ನೂರು ಮಂದಿ ಹೆಂಗ ಹತ್ತಬೇಕು ಅಂತ ಹೇಳಿಕೊಡ್ತಿರ್ತಾರೆ. ವಿಮರ್ಶಕರಿಗೆ ಈ ನೆಲದಲ್ಲಿ ಬರಗಾಲ ಬಂದದ್ದಿಲ್ಲ ನೋಡ್ರಿ.

ಸಿನಿಮಾ ಒಂದೇ ಅಲ್ಲ, ಮಕ್ಕಳ ಮಾಸಪತ್ರಿಕೆ ಚಂದಮಾಮದ ಸುದ್ದಿ ಹೇಳ್ತೀನಿ ಇರ್ರಿ. ನಾಗಿರೆಡ್ಡಿ, ಚಕ್ರಪಾಣಿಯವರು 1947ರಲ್ಲಿ ಮದ್ರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರು ಮಾಡಿದ್ದು, 1949ರಲ್ಲಿ ಕನ್ನಡಕ್ಕೂ ಬಂತು. ಶಂಕರ್ ಬರೆದ ವಿಕ್ರಮ–ಬೇತಾಳದ ಚಿತ್ರ ನೋಡದ ಮಕ್ಕಳೇ ಇದ್ದಿಲ್ಲ. ಹೆಗಲ ಮೇಲೆ ಹೆಣ, ಕೈಯಲ್ಲಿ ಬಿಚ್ಚುಗತ್ತಿ, ಸುತ್ತ ಸ್ಮಶಾನ. ನಮಗೆ ಅದನ್ನು ನೋಡಿದರೆ ರಾತ್ರಿ ಹಿತ್ತಲಿಗೆ ಹೋಗೋದಕ್ಕೆ ಹೆದರಿಕೆ. ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಹೊರುತ್ತಿದ್ದ ಹಮಾಲಿ ಮಾಮಾ ಒಬ್ಬರು ನನ್ನ ಕೈಯಿಂದ ಪುಸ್ತಕ ಇಸಕೊಂಡು, ಆ ಚಿತ್ರ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಈ ರಾಜಗ ಹೊರೋದು ಗೊತ್ತಿಲ್ಲ ತಮ್ಮಾ. ಭಾರ ಹಿಂಗ ಒಂದೇ ಹೆಗಲಿಗೆ ಬಿಟ್ರ ಸ್ಮಶಾನ ದಾಟೂದರಾಗ ಕುತ್ತಿಗಿ ಹಿಡೀತದ. ಭಾರ ಬೆನ್ನಿಗೆ ತಗೋಬೇಕು, ನಡ ಬಗ್ಗಿಸಬೇಕು. ಕತ್ತಿ ಯಾಕ್ ಬೇಕು, ಆ ಕೈಲೆ ಹೆಣದ ಕಾಲು ಹಿಡೀಬೇಕು." ಹೇಳಿ ನಿಲ್ಲಿಸಲಿಲ್ಲ, ನನ್ನನ್ನೇ ಎತ್ತಿ ಬೆನ್ನಿಗೆ ಹಾಕಿಕೊಂಡು ಅಂಗಡಿ ಬಾಗಿಲತನಕ ನಡೆದು ತೋರಿಸಿದರು. ಅವತ್ತಿನಿಂದ ಬೇತಾಳದ ಹೆದರಿಕೆ ಹೋಯ್ತು, ರಾಜನ ಕುತ್ತಿಗೆದೇ ಚಿಂತೆ.

ಕಾಕಾನ ತಕರಾರು ಮತ್ತೊಂದು. ಆ ರಾಜ ಒಂದು ಸಲ ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಮುಗೀತಿತ್ತು, ಪ್ರತಿ ತಿಂಗಳೂ ಶಾಣ್ಯಾತನ ತೋರಿಸೋಕೆ ಹೋಗಿ ಹೆಣ ಕಳಕೊಂಡ ಅಂತ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗ್ತದಲ್ರಿ ಕಾಕಾ ಅಂದರೆ, "ಸುಳ್ಳು, ನಿಮ್ಮ ಕಾಕೂ ಮುಂದ ನಾ ಎಷ್ಟು ಸಲ ಗೊತ್ತಿದ್ದೂ ಸುಮ್ಮಕಿದ್ದೀನಿ, ನನ್ನ ತಲಿಗೇನಾಗ್ಯದ?" ಅಂದರು. ಒಳಗಿಂದ ಕಾಕೂ ಏನೋ ಅಂದದ್ದು ಕೇಳಿಸಿತು. ಅದನ್ನಿಲ್ಲಿ ಬರೆಯೋದು ಬೇಡ.

ಟೀವಿ ವಿಷಯಕ್ಕೆ ಬಂದರೆ ನಮ್ಮ ಕಡೆಯವರು ಸ್ವಲ್ಪ ಎದೆ ಉಬ್ಬಿಸಿಯೇ ಮಾತಾಡಬಹುದು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ಅದಕ್ಕೂ ಆರು ವರ್ಷ ಮುಂಚೆ, 1975ರ ಆಗಸ್ಟ್‌ನಲ್ಲಿ, ಅಮೆರಿಕದವರ ಉಪಗ್ರಹವೊಂದನ್ನು ಕಡ ತಗೊಂಡು ಸೈಟ್ ಅನ್ನೋ ಪ್ರಯೋಗ ಮಾಡಿದರಲ್ಲ, ಅದಕ್ಕೆ ಕರ್ನಾಟಕದಲ್ಲಿ ಆರಿಸಿದ್ದು ಕಲಬುರಗಿ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಸುರಪುರ ಆಗ ಕಲಬುರಗಿ ಜಿಲ್ಲೆಯಲ್ಲೇ ಇತ್ತು; ಯಾದಗಿರಿ ಜಿಲ್ಲೆಯಾಗಿದ್ದು 2009ರ ಕೊನೆಗೆ. ಕೋಳಿಗೂಡಿಗೆ ಹಾಕುವಂಥ ತಂತಿ ಜಾಳಿಗೆಯ ದೊಡ್ಡ ಛತ್ರಿ, ಅದರ ಕೆಳಗೆ ಒಂದು ಟೀವಿ, ಮುಂದೆ ಊರಿಗೆ ಊರೇ. ಬೆಳೆ ಬಗ್ಗೆ, ಆರೋಗ್ಯದ ಬಗ್ಗೆ, ಮಕ್ಕಳ ಪಾಠದ ಬಗ್ಗೆ ಕಾರ್ಯಕ್ರಮ. ಒಂದು ವರ್ಷ ಆಡಿಸಿ, 1976ರ ಜುಲೈ ಕೊನೆಗೆ ಆ ಉಪಗ್ರಹವನ್ನು ಅವರು ವಾಪಸು ತಗೊಂಡರು. ಹೊಸ ಅಳಿಯನಿಗೆ ವಾಚು ಕೊಟ್ಟು ಮರುವರ್ಷ ಕಸಗೊಂಡರೆ ಹೆಂಗಾಗ್ತದೆ ಹೇಳ್ರಿ!

ಆಮೇಲೆ ಬಂತು ರಾಮಾಯಣ, 1987ರ ಜನವರಿಯಿಂದ ಭಾನುವಾರ ಭಾನುವಾರ. ಮುಂದಿನ ವರ್ಷ ಅಕ್ಟೋಬರ್‌ನಿಂದ ಮಹಾಭಾರತ. ನಿಜಾಮನ ಸೀಮೆಯವರಾದ್ದರಿಂದ ನಮಗೆ ಹಿಂದಿಯ ತೊಂದರೆ ಅಷ್ಟಿದ್ದಿಲ್ಲ. ಮಹಾಭಾರತದ ಮಾತು ಬರೆದವರು ರಾಹೀ ಮಾಸೂಮ್ ರಜಾ ಅಂತ ಗೊತ್ತಾದಾಗ ಓಣಿಯ ಉರ್ದು ಮಾಸ್ತರು ಒಂದು ವಾರ ಕಾಲರ್ ಎತ್ತಿಕೊಂಡು ತಿರುಗಿದರು. ಆದರೆ ಆ ಕಾಲದ ಅಸಲಿ ವಿಮರ್ಶಕ ಅಂದರೆ ನಮ್ಮ ಲೈನ್‌ಮನ್. ಬಾಣಕ್ಕೆ ಬಾಣ ಡಿಕ್ಕಿ ಹೊಡೆಯುವ ಹೊತ್ತಿಗೇ ಕರೆಂಟು ಹೋಗೋದು. ಊರ ಜನ ಅವನ ಮನೆ ಮುಂದೆ. ಪಾಪ, ಅವನು ಹೇಳೋನು: "ನಾ ಒಂದು ವಾರನೂ ನೋಡಿಲ್ರಿ. ಆದರ ಯಾವ ವಾರ ಕಥಿ ಜೋರಿತ್ತು ಅಂತ ಮಂದಿ ಬೈಗುಳದ ಮ್ಯಾಲ ಹೇಳ್ತೀನಿ." ಕುಂಭಕರ್ಣನ ವಾರ ಭಾರಿ ಬೈಗುಳ ಬಿದ್ದಿದ್ದವಂತೆ. 2020ರ ಲಾಕ್‌ಡೌನಿನಲ್ಲಿ ಅದನ್ನೇ ಮತ್ತೆ ಹಾಕಿದಾಗ ನಿವೃತ್ತನಾಗಿ ಮನೆಯಲ್ಲಿದ್ದ ಅವನು ಮೊದಲ ಸಲ ಕೂತು ನೋಡಿದ. "ಇಷ್ಟೇನಾ? ಇಷ್ಟಕ್ಕ ಅಷ್ಟು ಬೈದಿರೇನು?" ಅಂದ!

ಧಾರಾವಾಹಿಗಳ ಮಾತು ಹೆಚ್ಚು ಬೆಳೆಸೋದಿಲ್ಲ, ಅವೇ ಸಾಕಷ್ಟು ಬೆಳೆದಾವ. ಟಿ.ಎನ್. ಸೀತಾರಾಮ್ ಕರಿಕೋಟು ಹಾಕಿ ವಾದ ಮಾಡೋದು ನನಗೆ ಇಷ್ಟ. ಅವರು ಖರೇನೇ ವಕೀಲಿ ಮಾಡಿದವರು. ಕೋರ್ಟಿನ ಮುಂದೆ ಅರ್ಜಿ ಬರೆಯುವ ನಮ್ಮ ಗೆಳೆಯನಿಗೆ ಒಂದೇ ನೋವು: "ಸಾಕ್ಷಿ ಹೇಳಿದ ದಿನಾನೇ ಪಾಟೀ ಸವಾಲು, ವಾಯಿದಾ ಇಲ್ಲ ಏನಿಲ್ಲ. ಹಿಂಗಾದರ ನಾವು ಉಣ್ಣೋದೇನು?" ಕಾಕೂಗೆ ಇನ್ನೊಂದು. ದಿನಾ ರಾತ್ರಿ ಅಷ್ಟೊಂದು ಅಡಿಗೆಮನೆ ತೋರಿಸ್ತಾರೆ, ಸೊಸೆ ರೇಷ್ಮೆ ಸೀರೆ ಉಟ್ಟು ಅಲ್ಲೇ ನಿಂತಿರ್ತಾಳೆ, ಆದರೆ ಒಬ್ಬಳಾದರೂ ರೊಟ್ಟಿ ಬಡಿದದ್ದು ಕೇಳಿಸ್ಯಾದೇನು ಅಂತ.

ಹಾಂ, ಹಾಡಿನ ವಿಷಯ ಬಿಟ್ಟೆ. ಹಾವೇರಿ ಕಡೆಯ ಕುರಿಗಾಹಿ ಹನುಮಂತ ಸರಿಗಮಪದಲ್ಲಿ ಹಾಡಿ ನಾಡಿಗೆಲ್ಲ ಹೆಸರಾದನಲ್ಲ. ಆಮೇಲೆ ಬಿಗ್ ಬಾಸ್ ಕೂಡ ಗೆದ್ದ. ಅವನ ದನಿಯಲ್ಲಿ ಬಯಲಿನ ಗಾಳಿ ಅದೆ ಅಂತ ನಾವೆಲ್ಲ ತಲೆದೂಗಿದ್ದೆವು. ನಮ್ಮೂರ ಹೊರಗೆ ಹಟ್ಟಿ ಹಾಕಿದ್ದ ಕುರುಬಣ್ಣ ಮೊಬೈಲಿನಲ್ಲಿ ಅವನ ಹಾಡು ಪೂರ್ತಿ ಕೇಳಿದ, ಖುಷಿಯೂ ಪಟ್ಟ. ಕಡೆಗೆ ಕೇಳಿದ್ದು: "ಹುಡುಗ ಇಲ್ಲಿ ಹಾಡಕೋತ ಕುಂತಾನ, ಅಲ್ಲಿ ಕುರಿ ಯಾರ್ ನೋಡ್ತಾರ?" ತೀರ್ಪುಗಾರರಾಗಿ ಕೂತ ಅಷ್ಟು ಮಂದಿಯಲ್ಲಿ ಯಾರಿಗಾದರೂ ಇದು ಹೊಳೀತೇನು?

2022ರಲ್ಲಿ ಕಾಂತಾರ ಬಂದಾಗಲೂ ಅಷ್ಟೇ. ದೈವದ ಕೂಗಿಗೆ ಟಾಕೀಸು ನಡುಗಿದ್ದು ಖರೇ. ಆದರೆ ಕಾರ ಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುವ ನಮ್ಮ ಹುಡುಗರಿಗೆ ಕಂಬಳದ ಕೋಣ ನೋಡಿದ್ದೇ ನೋಡಿದ್ದು. ಆ ಕೋಣಕ್ಕೆ ಏನು ತಿನ್ನಿಸ್ತಾರೆ ಅನ್ನೋ ಚರ್ಚೆ ಹುರುಳಿಯಿಂದ ಹಿಡಿದು ತುಪ್ಪದತನಕ ಹೋಗಿ, ಸಿನಿಮಾದ ಕೊನೆ ಏನಾಯ್ತು ಅಂತ ಕೇಳಿದರೆ ಒಬ್ಬನೂ ಸರಿಯಾಗಿ ಹೇಳಲಿಲ್ಲ.

ನನಗೊಂದು ಸಿಟ್ಟು ಇದ್ದದ್ದು ಇಲ್ಲೇ ಹೇಳಿಬಿಡ್ತೀನಿ. ನಮ್ಮ ಕಡೆಯ ಮಾತು ಸಿನಿಮಾದಲ್ಲಿ ಬಂತೆಂದರೆ, ಅದನ್ನಾಡುವವನು ಒಂದೋ ಹೊಟ್ಟೆಬಾಕ, ಇಲ್ಲ ದಡ್ಡ. ಅದೂ ಬೆಳಗಾವಿ, ಧಾರವಾಡ, ಬಿಜಾಪುರ ಎಲ್ಲ ಕಲಸಿ ಬಾಯಿಗೆ ಹಾಕಿರ್ತಾರೆ. ಯಾದಗಿರಿಯ ಮಾತಾಡುವ ಒಬ್ಬ ಡಾಕ್ಟರನ್ನೋ, ಪ್ರೇಮಿಸುವ ಹುಡುಗಿಯನ್ನೋ ಬರೆದರೆ ಇವರ ಗಂಟೇನು ಹೋಗ್ತದೆ? ಇದಕ್ಕೆ ನಾನು ಅರ್ಧ ಅಲ್ಲ, ಎರಡು ಪೂರ್ತಿ ಚುಕ್ಕಿ ಕಳೀತೀನಿ.

ಇನ್ನು ನಮ್ಮ ಟೇಲರ್. ಸುರಪುರದಲ್ಲಿ ಟೇಲರ್ ಅಂದ ಕೂಡಲೆ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಕಡೆ ಕತ್ತೆತ್ತಬೇಡ್ರಿ. ಅದನ್ನು ಕಟ್ಟಿಸಿದ ಮೆಡೋಸ್ ಟೇಲರ್ ಸಾಹೇಬ ಠಕ್ಕರ ಮೇಲೆ 1839ರಲ್ಲಿ ಕಾದಂಬರಿ ಬರೆದವನು. ನಾನು ಹೇಳ್ತಿರೋದು ಪ್ಯಾಂಟು ಹೊಲಿಯುವವನ ಮಾತು. ಕೆಜಿಎಫ್ ನೋಡಿ ಬಂದ ಅವನು ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಕಾಕಾನೇ ಕೆದಕಿದರು. "ಅಷ್ಟು ಮಂದಿ ಜೋಡಿ ಗುದ್ದಾಡ್ಯಾನ, ತೋಳು ಎತ್ತ್ಯಾನ, ತಿರುವ್ಯಾನ. ಕಂಕುಳಾಗ ಒಂದು ಹೊಲಿಗಿ ಬಿಚ್ಚಿಲ್ಲ ಕಾಕಾ! ಆ ಕೋಟು ಹೊಲಿದವ ಯಾರು? ಹೆಸರು ಹಾಕೋತನಕ ಕುಂತು ನೋಡಿದೆ, ಅಕ್ಷರ ಓಡೇ ಹೋದ್ವು." ಆಮೇಲೆ ಊರ ಹುಡುಗರು ಅಂಥದ್ದೇ ಕೋಟು ಬೇಕು ಅಂತ ಬಂದಾಗ ಅವನು ಕಂಕುಳಿಗೆ ಎರಡೆರಡು ಹೊಲಿಗೆ ಹಾಕಿ ಕೊಟ್ಟ. ಅವರು ಗುದ್ದಾಡೋದಿಲ್ಲ, ಫೋಟೋ ತೆಗೆಸಿಕೊಳ್ತಾರೆ ಅಷ್ಟೇ. ಇರಲಿ ಬಿಡ್ರಿ.

ಹೊಸ ಸಿನಿಮಾ ಬಂದರೆ ಮೊಬೈಲಿನಲ್ಲಿ ಚುಕ್ಕಿ ಎಣಿಸುವ ಬದಲು ಒಮ್ಮೆ ನಿಮ್ಮ ಟೇಲರ್‌ನನ್ನೋ ಹಮಾಲಿಯನ್ನೋ ಕೇಳಿ ಹೋಗ್ರಿ. ನಮ್ಮವನನ್ನೇ ಕೇಳಬೇಕೆಂದರೆ ಸಂಜೆ ಹೊತ್ತು ಬರ್ರಿ, ಮಂಗಳವಾರ ಮಾತ್ರ ಬೇಡ. ಅವತ್ತು ಅಂಗಡಿ ಬಂದ್.